ಫೋಟೊ ಸಂಗ್ರಹಕ್ಕೆ ಆನ್‌ಲೈನ್ ಬ್ಯಾಕಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಬ್ಯಾಕಪ್ ಸೇವೆ ತಗೊಳ್ಳಲಿ ಅಂತ ಕೇಳುವವರು ಸಾಮಾನ್ಯವಾಗಿ ಎರಡು ವಿಷಯ ನೋಡಿರುತ್ತಾರೆ. ಎಷ್ಟು ಜಾಗ ಕೊಡುತ್ತಾರೆ, ಎಷ್ಟು ದುಡ್ಡು. ನಾನು ಮೊದಲು ನೋಡುವುದು ಬೇರೆಯದನ್ನು: ಒಳಗೆ ಹಾಕಿದ್ದನ್ನು ವಾಪಸ್ ತೆಗೆಯುವುದು ಹೇಗೆ? ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಫೋಟೊ ಎಲ್ಲಾ ಫೋನಲ್ಲೇ ಇದೆಯಲ್ಲ, ಬ್ಯಾಕಪ್ ಯಾಕೆ ಬೇಕು?

ಫೋನ್ ನೀರಿಗೆ ಬೀಳುತ್ತದೆ, ಕಳೆದುಹೋಗುತ್ತದೆ, ಯಾರೋ ಕದಿಯುತ್ತಾರೆ. ಇದ್ಯಾವುದೂ ಆಗದಿದ್ದರೂ ಒಂದು ಬೆಳಿಗ್ಗೆ ಸುಮ್ನೆ ಆನ್ ಆಗುವುದಿಲ್ಲ. ಆಮೇಲೆ ಡೇಟಾ ರಿಕವರಿ ಮಾಡುವವರನ್ನು ಹುಡುಕಿಕೊಂಡು ಅಲೆಯುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಈಗಿನ ಫೋನ್‌ಗಳಲ್ಲಿ ಒಳಗಿನ ಮೆಮೊರಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲು ಬರುವುದಿಲ್ಲ, ಬೋರ್ಡ್ ಸುಟ್ಟುಹೋದರೆ ಅವರ ಕೈಯಲ್ಲೂ ಹೆಚ್ಚೇನೂ ಆಗುವುದಿಲ್ಲ.

ನನ್ನ ಹತ್ತಿರ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. ಅಷ್ಟು ಸಾಲದಾ?

ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ. ಆದರೆ ಅದು ಎಲ್ಲಿದೆ? ಲ್ಯಾಪ್‌ಟಾಪ್ ಇರುವ ಮೇಜಿನ ಡ್ರಾಯರ್‌ನಲ್ಲೇ, ಅಲ್ವಾ? ಮನೆಗೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಕಳ್ಳ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಇದಕ್ಕೇ 3-2-1 ಅನ್ನುವ ಲೆಕ್ಕ ಇರುವುದು. ಫೋಟೊಗ್ರಾಫರ್ ಪೀಟರ್ ಕ್ರೋಗ್ ಇದನ್ನು ಜನಪ್ರಿಯ ಮಾಡಿದರು. ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ ಇರಬೇಕು, ಒಂದಾದರೂ ಬೇರೆ ಜಾಗದಲ್ಲಿ ಇರಬೇಕು. ಆ 'ಬೇರೆ ಜಾಗ'ದ ಕೆಲಸವನ್ನು ಆನ್‌ಲೈನ್ ಬ್ಯಾಕಪ್ ಮಾಡುತ್ತದೆ. ಹಾಗಂತ ಹಾರ್ಡ್ ಡಿಸ್ಕ್ ಎಸೆಯಬೇಡಿ. ಎರಡೂ ಬೇಕು, ಒಂದು ಕೈಕೊಟ್ಟಾಗ ಇನ್ನೊಂದು.

ಈ ಮಾತು ದೊಡ್ಡ ಕಂಪನಿಗಳಿಗೂ ಅನ್ವಯಿಸುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಕಂಪನಿಯ ಒಂದು ಡೇಟಾ ಸೆಂಟರ್ ಕಟ್ಟಡ ಪೂರ್ತಿ ಸುಟ್ಟುಹೋಯಿತು. ಮೂಲ ಪ್ರತಿಯನ್ನೂ ಬ್ಯಾಕಪ್ಪನ್ನೂ ಅದೇ ಜಾಗದಲ್ಲಿ ಇಟ್ಟಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ.

ಗೂಗಲ್ ಫೋಟೋಸ್ ಆನ್ ಇದೆ, ಐಕ್ಲೌಡ್ ಆನ್ ಇದೆ. ಅದೇ ಬ್ಯಾಕಪ್ ತಾನೇ?

ಅರ್ಧ ಹೌದು, ಅರ್ಧ ಅಲ್ಲ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಸಿಂಕ್ ಅಂದರೆ ಎರಡು ಕಡೆಯೂ ಒಂದೇ ಥರ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಹಾಕಿದ್ದು ಅಲ್ಲಿ ಬರುತ್ತದೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಬ್ಯಾಕಪ್ ಅಂದರೆ ಇಲ್ಲಿ ಏನೇ ಎಡವಟ್ಟು ಮಾಡಿದರೂ ಅಲ್ಲಿ ಹಳೆಯದು ಉಳಿದಿರುವುದು. ಐಕ್ಲೌಡ್ ಫೋಟೋಸ್ ಆನ್ ಇದ್ದಾಗ ಐಫೋನಲ್ಲಿ ಒಂದು ಫೋಟೊ ಅಳಿಸಿದರೆ ಅದು ಐಕ್ಲೌಡ್‌ನಿಂದಲೂ ಅದೇ ಅಕೌಂಟ್ ಇರುವ ಬೇರೆ ಸಾಧನಗಳಿಂದಲೂ ಹೋಗುತ್ತದೆ. ಗೂಗಲ್ ಫೋಟೋಸ್ ಆ್ಯಪ್ ಒಳಗೆ ಅಳಿಸಿದರೂ ಅಷ್ಟೇ, ಫೋನಲ್ಲೂ ಇಲ್ಲ, ಕ್ಲೌಡ್‌ನಲ್ಲೂ ಇಲ್ಲ. ಫೋನಲ್ಲಿ ಮಾತ್ರ ಜಾಗ ಖಾಲಿ ಮಾಡಬೇಕೆಂದರೆ ಅದಕ್ಕೆಂದೇ ಬೇರೆ ಬಟನ್ ಇದೆ, ಡಿಲೀಟ್ ಒತ್ತಬಾರದು.

ನಾನು ಒತ್ತಿದೆ. ಯಾವ ಸೇವೆ ಅಂತ ಹೇಳುವುದಿಲ್ಲ, ತಪ್ಪು ನನ್ನದೂ ಇತ್ತು. ಫೋನ್ ತುಂಬಿತ್ತು, 'ಹೇಗೂ ಮೇಲೆ ಇದೆಯಲ್ಲ' ಅಂದುಕೊಂಡು ಗ್ಯಾಲರಿಯಲ್ಲಿ ಒಂದು ಇಡೀ ವರ್ಷವನ್ನು ಸೆಲೆಕ್ಟ್ ಮಾಡಿ ಅಳಿಸಿದೆ. ಗೊತ್ತಾಗುವಷ್ಟರಲ್ಲಿ ಮೂರು ತಿಂಗಳಾಗಿತ್ತು, ಟ್ರ್ಯಾಶ್ ಖಾಲಿಯಾಗಿತ್ತು. ಅಕ್ಕನ ಮಗಳು ಮೊದಲ ಸಲ ಗೋಡೆ ಬಿಟ್ಟು ನಡೆದ 11 ಸೆಕೆಂಡಿನ ವಿಡಿಯೋ ಅದರಲ್ಲಿತ್ತು. ಪುಣ್ಯಕ್ಕೆ ಅಕ್ಕನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆ. ಈಗ ಉಳಿದಿರುವುದು ಆ ಮಸುಕು ಪ್ರತಿ ಮಾತ್ರ. ಮಗುವಿನ ಮುಖ ಗೊತ್ತಾಗುತ್ತದೆ, ಹಿಂದೆ ಗೋಡೆಗೆ ಒರಗಿ ನಿಂತಿರುವುದು ಯಾರು ಅಂತ ಗೊತ್ತಾಗುವುದಿಲ್ಲ.

ಹಾಗಾದರೆ ಎಷ್ಟು ಬಗೆಯ ಸೇವೆಗಳಿವೆ?

ಮುಖ್ಯವಾಗಿ ಮೂರು.

ಮೊದಲನೆಯದು ಫೋಟೊಗೆಂದೇ ಇರುವ ಕ್ಲೌಡ್: ಗೂಗಲ್ ಫೋಟೋಸ್, ಐಕ್ಲೌಡ್ ಫೋಟೋಸ್, ಅಮೆಜಾನ್ ಫೋಟೋಸ್, ಎಂಟೆ. ನೋಡಲು, ಹುಡುಕಲು, ಹಂಚಿಕೊಳ್ಳಲು ಚೆನ್ನ. ಎರಡನೆಯದು ಕಂಪ್ಯೂಟರ್ ಬ್ಯಾಕಪ್: ಬ್ಯಾಕ್‌ಬ್ಲೇಜ್, ಐಡ್ರೈವ್ ಥರದವು. ಇವು ಹಿಂದೆ ಕೂತು ಇಡೀ ಡಿಸ್ಕನ್ನು ಎತ್ತಿಡುತ್ತವೆ. ಫೋಟೊವನ್ನು ಚೆಂದವಾಗಿ ತೋರಿಸುವುದು ಇವುಗಳ ಕೆಲಸವಲ್ಲ. ಮೂರನೆಯದು ಬರೀ ಜಾಗ: ಅಮೆಜಾನ್ ಎಸ್3, ಬ್ಯಾಕ್‌ಬ್ಲೇಜ್ ಬಿ2, ವಸಾಬಿ. ಇಲ್ಲಿ ಸಾಫ್ಟ್‌ವೇರ್ ನೀವೇ ತರಬೇಕು. ಆರ್‌ಕ್ಲೋನ್, ರೆಸ್ಟಿಕ್ ಅನ್ನುವ ಹೆಸರು ಕೇಳಿಯೇ ಇಲ್ಲ ಅಂದರೆ ಈ ಮೂರನೆಯದು ನಿಮಗಲ್ಲ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಫೋಟೊ ಹುಟ್ಟುವುದು ಫೋನಲ್ಲೋ ಕ್ಯಾಮೆರಾದಲ್ಲೋ ಅನ್ನುವುದರ ಮೇಲೆ ಅರ್ಧ ತೀರ್ಮಾನ ಆಗಿಹೋಗುತ್ತದೆ. ಫೋನಾದರೆ ಮೊದಲನೆಯದು. ಕ್ಯಾಮೆರಾ, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಕೊಡುವ ಮೂಲ ಫೈಲ್), ಕಂಪ್ಯೂಟರಲ್ಲಿ ಫೋಲ್ಡರ್ ಮಾಡಿ ಇಡುವ ಅಭ್ಯಾಸ ಇದ್ದರೆ ಎರಡನೆಯದು.

ನನಗೆ ಎಷ್ಟು ಜಾಗ ಬೇಕಾಗುತ್ತದೆ?

ಊಹೆ ಬೇಡ, ಲೆಕ್ಕ ಹಾಕಿ. 12 ಮೆಗಾಪಿಕ್ಸೆಲ್‌ನ ಒಂದು ಜೆಪೆಗ್ ಸುಮಾರು 3ರಿಂದ 5 ಎಂಬಿ. 20,000 ಫೋಟೊ ಇದ್ದರೆ 80 ಜಿಬಿ ಆಸುಪಾಸು. ಐಫೋನ್ 2017ರಿಂದ ಬಳಸುತ್ತಿರುವ ಹೀಕ್ (HEIC) ಫೈಲ್ ಆದರೆ ಹೆಚ್ಚುಕಡಿಮೆ ಅದರ ಅರ್ಧ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲ್ ಒಂದೊಂದೂ 25 ಎಂಬಿ ದಾಟುವುದು ಸಾಮಾನ್ಯ.

ಜಾಗ ತಿನ್ನುವುದು ನಿಜವಾಗಿ ವಿಡಿಯೋ. ಐಫೋನಲ್ಲಿ ಸೆಕೆಂಡಿಗೆ 30 ಫ್ರೇಮ್‌ನ 4ಕೆ ವಿಡಿಯೋ ಒಂದು ನಿಮಿಷಕ್ಕೆ ಸುಮಾರು 170 ಎಂಬಿ. ಹತ್ತು ನಿಮಿಷದ ಡ್ಯಾನ್ಸ್ ಅಂದರೆ 1.7 ಜಿಬಿ, ಅಂದರೆ ನಾನೂರು ಫೋಟೊಗಳ ಜಾಗ. ಜಾಗ ಸಾಲದು ಅಂತ ಫೋಟೊ ಅಳಿಸುತ್ತಾ ಕೂರುವ ಬದಲು ದೊಡ್ಡ ವಿಡಿಯೋಗಳನ್ನು ಒಮ್ಮೆ ನೋಡಿ. ಜೇಬಿನಲ್ಲಿ ಅಕಸ್ಮಾತ್ ರೆಕಾರ್ಡ್ ಆದ ಕತ್ತಲೆ ವಿಡಿಯೋ ಒಂದಾದರೂ ಸಿಗುತ್ತದೆ.

ಈಗಿರುವುದರ ಎರಡರಷ್ಟು ಜಾಗದ ಪ್ಲಾನ್ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಸಾಕಾಗುತ್ತದೆ.

ಉಚಿತದ್ದು ಸಾಕಾಗುವುದಿಲ್ಲವಾ?

ಗೂಗಲ್ 15 ಜಿಬಿ ಉಚಿತವಾಗಿ ಕೊಡುತ್ತದೆ, ಆದರೆ ಅದನ್ನೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳಬೇಕು. ಆ್ಯಪಲ್ ಕೊಡುವುದು 5 ಜಿಬಿ. ಅದು ಮೂಗಿಗೆ ತುಪ್ಪ ಸವರಿದ ಹಾಗೆ, ವಾಸನೆ ಬರುತ್ತದೆ, ಹೊಟ್ಟೆ ತುಂಬುವುದಿಲ್ಲ. ಗೂಗಲ್‌ನ ಜಾಗ ತುಂಬಿದರೆ ಬರೀ ಫೋಟೊ ನಿಲ್ಲುವುದಿಲ್ಲ, ಜಿಮೇಲ್‌ಗೆ ಮೇಲ್ ಬರುವುದೂ ನಿಲ್ಲುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇನ್ನೊಂದು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಅಕೌಂಟನ್ನು ಗೂಗಲ್ ಅಳಿಸಬಹುದು, ಈ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. 'ಹಳೆಯ ಫೋಟೊಗೆ ಒಂದು, ಹೊಸದಕ್ಕೆ ಒಂದು' ಅಂತ ನಾಲ್ಕು ಉಚಿತ ಅಕೌಂಟ್ ಮಾಡಿಟ್ಟು ಮರೆತವರು ಇವತ್ತೇ ಒಮ್ಮೆ ಲಾಗಿನ್ ಆಗಿ.

'ಅನ್‌ಲಿಮಿಟೆಡ್' ಅಂತ ಹಾಕಿರುತ್ತಾರೆ. ನಂಬಬಹುದಾ?

ಇವತ್ತಿಗೆ ನಂಬಬಹುದು, ಯಾವಾಗಲೂ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ಗೂಗಲ್ ಫೋಟೋಸ್ 2015ರಲ್ಲಿ ಶುರುವಾದಾಗ 'ಹೈ ಕ್ವಾಲಿಟಿ' ಫೋಟೊಗಳಿಗೆ ಮಿತಿಯೇ ಇರಲಿಲ್ಲ. 2021ರ ಜೂನ್ 1ಕ್ಕೆ ಅದು ಮುಗಿಯಿತು. ಫ್ಲಿಕರ್ 2013ರಲ್ಲಿ ಎಲ್ಲರಿಗೂ ಒಂದು ಟಿಬಿ ಉಚಿತ ಅಂದಿತು. 2018ರಲ್ಲಿ ಮಾಲೀಕರು ಬದಲಾದರು, ಅದೇ ವರ್ಷ ಉಚಿತ ಅಕೌಂಟಿಗೆ 1,000 ಫೋಟೊ ಮಿತಿ ಅಂತ ಘೋಷಣೆ ಬಂತು.

ಮಿತಿ ಇಲ್ಲ ಅಂದಾಗ ಯಾವುದಕ್ಕೆ ಇಲ್ಲ ಅಂತಲೂ ನೋಡಿ. ಅಮೆಜಾನ್ ಫೋಟೋಸ್ ಕೆಲವು ದೇಶಗಳಲ್ಲಿ ಪ್ರೈಮ್ ಸದಸ್ಯರ ಫೋಟೊಗಳಿಗೆ ಮಿತಿ ಹಾಕುವುದಿಲ್ಲ, ವಿಡಿಯೋಗೆ ಮಾತ್ರ 5 ಜಿಬಿ. ಬ್ಯಾಕ್‌ಬ್ಲೇಜ್‌ನ ಪರ್ಸನಲ್ ಬ್ಯಾಕಪ್‌ನಲ್ಲಿ ಡೇಟಾಗೆ ಮಿತಿ ಇಲ್ಲ, ಆದರೆ ಚಂದಾ ಒಂದು ಕಂಪ್ಯೂಟರಿಗೆ. ಜೊತೆಗೆ ನಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಆಗುವುದಿಲ್ಲ, ಲಿನಕ್ಸ್ ಆಗುವುದಿಲ್ಲ.

ಅಪ್‌ಲೋಡ್ ಮಾಡಿದರೆ ಫೋಟೊ ಕ್ವಾಲಿಟಿ ಕಡಿಮೆಯಾಗುತ್ತಾ?

ಸೆಟ್ಟಿಂಗ್ ಮೇಲೆ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ 'ಸ್ಟೋರೇಜ್ ಸೇವರ್' ಆರಿಸಿದ್ದರೆ ಫೋಟೊ ಕಂಪ್ರೆಸ್ ಆಗುತ್ತದೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದಾದರೆ 16ಕ್ಕೆ ಇಳಿಯುತ್ತದೆ, ವಿಡಿಯೋ 1080ಪಿಗೆ ಇಳಿಯುತ್ತದೆ. 'ಒರಿಜಿನಲ್ ಕ್ವಾಲಿಟಿ' ಆರಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಫೋನ್ ಪರದೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ, ನಿಜ. ಆದರೆ ಇಳಿಸಿದ್ದನ್ನು ಮತ್ತೆ ಏರಿಸಲು ಬರುವುದಿಲ್ಲ. ಬ್ಯಾಕಪ್ ಅಂತ ಕರೆಯಬೇಕಾದರೆ ಒರಿಜಿನಲ್ಲೇ ಇರಬೇಕು ಅನ್ನುವುದು ನನ್ನ ಹಟ.

ಐಫೋನಲ್ಲಿ 'ಆಪ್ಟಿಮೈಸ್' ಆನ್ ಇದ್ದರೆ ಕ್ಲೌಡ್‌ನಲ್ಲಿ ಒರಿಜಿನಲ್ ಇರುತ್ತದೆ, ಫೋನಲ್ಲಿ ಚಿಕ್ಕದು ಉಳಿಯುತ್ತದೆ. ಅಂದರೆ ಪೂರ್ತಿ ಪ್ರತಿ ಇರುವುದು ಒಂದೇ ಕಡೆ. ಎರಡು ಕಡೆ ಇದೆ ಅಂದುಕೊಂಡು ನಿಶ್ಚಿಂತೆಯಾಗಿರಬೇಡಿ.

ಎಲ್ಲಾ ಮೇಲೆ ಹೋಗಲು ಎಷ್ಟು ದಿನ ಬೇಕು?

ಜಾಹೀರಾತಿನಲ್ಲಿ ಇಂಟರ್ನೆಟ್ ವೇಗ ಅಂತ ಹೇಳುವುದು ಸಾಮಾನ್ಯವಾಗಿ ಡೌನ್‌ಲೋಡ್‌ದು. ನಿಮಗೆ ಬೇಕಿರುವುದು ಅಪ್‌ಲೋಡ್ ವೇಗ, ಅದು ಎಷ್ಟೋ ಕಡೆ ತೀರಾ ಕಡಿಮೆ ಇರುತ್ತದೆ. ಒಂದು ಸ್ಪೀಡ್ ಟೆಸ್ಟ್ ಮಾಡಿ ನೋಡಿ. ಅಲ್ಲಿ ಬರುವುದು ಮೆಗಾಬಿಟ್, ಫೈಲಿನ ಅಳತೆ ಮೆಗಾಬೈಟ್, ಎಂಟರಿಂದ ಭಾಗಿಸಬೇಕು. 10 ಮೆಗಾಬಿಟ್ ಅಪ್‌ಲೋಡ್‌ನಲ್ಲಿ 200 ಜಿಬಿ ಹೋಗಲು ಸುಮಾರು 44 ಗಂಟೆ. ಒಂದು ಟಿಬಿಗೆ ಒಂಬತ್ತು ದಿನಕ್ಕಿಂತ ಜಾಸ್ತಿ. ಇದು ಹಗಲು ರಾತ್ರಿ ನಿಲ್ಲದೆ ಹೋದರೆ ಮಾತ್ರ. ನಿಜದಲ್ಲಿ ಇದರ ಎರಡರಷ್ಟು ಅಂದುಕೊಳ್ಳಿ.

ಮೊಬೈಲ್ ಡೇಟಾ ಮೇಲೆ ಅಪ್‌ಲೋಡ್ ಆಫ್ ಮಾಡಿದ್ದೀರಾ ನೋಡಿಕೊಳ್ಳಿ. ಮೊದಲ ಅಪ್‌ಲೋಡ್ ಮುಗಿಯುವ ತನಕ ಹಳೆಯ ಫೋನ್ ಫಾರ್ಮ್ಯಾಟ್ ಮಾಡಬೇಡಿ, ಮೆಮೊರಿ ಕಾರ್ಡ್ ಯಾರಿಗೂ ಕೊಡಬೇಡಿ.

ಹಾಕಿದ್ದನ್ನು ವಾಪಸ್ ತೆಗೆಯುವುದು ಹೇಗಿರುತ್ತದೆ?

ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ಹೋಗಲು ಗೊತ್ತಿತ್ತು, ಹೊರಗೆ ಬರಲು ಗೊತ್ತಿರಲಿಲ್ಲ. ಫೋಟೊ ಸೇವೆಗಳದ್ದೂ ಅದೇ ಕಥೆ. ಒಳಗೆ ಹೋಗಲು ಒಂದು ಬಟನ್. ಹೊರಗೆ ಬರಲು ನೋಡಿದಾಗ ಗೊತ್ತಾಗುತ್ತದೆ.

ಗೂಗಲ್‌ನದನ್ನೇ ತಗೊಳ್ಳಿ. ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಲು 'ಟೇಕ್‌ಔಟ್' ಇದೆ. ಕೇಳಿಕೊಂಡ ಮೇಲೆ ಕೆಲವು ಗಂಟೆಯೋ ಕೆಲವು ದಿನವೋ ಬಿಟ್ಟು ಲಿಂಕ್ ಬರುತ್ತದೆ, ಒಳಗೆ ಸಾಲು ಸಾಲು ಜಿಪ್ ಫೈಲ್. ಲಿಂಕ್ ಸುಮಾರು ಒಂದು ವಾರ ಮಾತ್ರ ಇರುತ್ತದೆ. ಪ್ರತಿ ಜಿಪ್ ಎಷ್ಟು ದೊಡ್ಡದಿರಬೇಕು ಅಂತ ಮೊದಲೇ ಕೇಳುತ್ತದೆ, 2 ಜಿಬಿ ಹಾಗೇ ಬಿಟ್ಟರೆ 300 ಜಿಬಿ ಸಂಗ್ರಹಕ್ಕೆ ನೂರೈವತ್ತು ಜಿಪ್. 50 ಜಿಬಿ ಆರಿಸಿದರೆ ಆರೇಳು.

ಜಿಪ್ ಬಿಚ್ಚಿದಾಗ ಫೋಟೊ ಪಕ್ಕದಲ್ಲೇ ಜೇಸನ್ ಅನ್ನುವ ಪುಟ್ಟ ಫೈಲುಗಳು ಕಾಣುತ್ತವೆ. ಬೇಡದ್ದು ಅಂತ ಅಳಿಸಬೇಡಿ. ಕ್ಯಾಮೆರಾ ಬರೆದ ತಾರೀಖು ಫೋಟೊ ಒಳಗೇ ಎಕ್ಸಿಫ್ ಅನ್ನುವ ಮಾಹಿತಿ ಭಾಗದಲ್ಲಿ ಇರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಆದರೆ ಗೂಗಲ್ ಫೋಟೋಸ್ ಒಳಗೆ ಕೂತು ನೀವು ತಿದ್ದಿದ ತಾರೀಖು, ಬರೆದ ವಿವರಣೆ ಇರುವುದು ಆ ಜೇಸನ್‌ನಲ್ಲಿ. ಅಜ್ಜನ ಕಾಲದ ಫೋಟೊ ಸ್ಕ್ಯಾನ್ ಮಾಡಿ ಒಂದೊಂದಕ್ಕೂ ಇಸವಿ ಹಾಕಿದ್ದರೆ ಆ ಶ್ರಮವೆಲ್ಲ ಅಲ್ಲಿದೆ. ಅದನ್ನು ಮತ್ತೆ ಫೋಟೊ ಒಳಗೆ ಸೇರಿಸಲು ಎಕ್ಸಿಫ್‌ಟೂಲ್‌ನಂಥ ಬೇರೆ ಸಾಧನ ಬೇಕು.

ಆ್ಯಪಲ್‌ನಲ್ಲಿ ಪ್ರೈವಸಿ ಪುಟಕ್ಕೆ ಹೋಗಿ ನಿಮ್ಮ ಡೇಟಾದ ಪ್ರತಿ ಕೇಳಬಹುದು. ಅಲ್ಲಿಂದಲೇ ನೇರವಾಗಿ ಗೂಗಲ್ ಫೋಟೋಸ್‌ಗೆ ಕಳಿಸುವ ಅನುಕೂಲ 2021ರಲ್ಲಿ ಬಂತು, ಉಲ್ಟಾ ದಾರಿ 2024ರಲ್ಲಿ. ಸೇವೆ ಬದಲಾಯಿಸುವವರಿಗೆ ಇದು ದೊಡ್ಡ ಉಪಕಾರ, ನಿಮ್ಮ ಇಂಟರ್ನೆಟ್ ಖರ್ಚಾಗುವುದಿಲ್ಲ.

ಕಂಪ್ಯೂಟರ್ ಬ್ಯಾಕಪ್ ಸೇವೆಗಳಲ್ಲಿ ಕೆಲವು ಹಾರ್ಡ್ ಡಿಸ್ಕ್‌ಗೇ ಹಾಕಿ ಕೊರಿಯರ್ ಮಾಡುತ್ತವೆ. ಬ್ಯಾಕ್‌ಬ್ಲೇಜ್ ಅಂಥದ್ದು. ಟಿಬಿಗಟ್ಟಲೆ ಇರುವವರು ಇದನ್ನು ಲಘುವಾಗಿ ನೋಡಬೇಡಿ.

ದುಡ್ಡು ಕಟ್ಟುವ ಮೊದಲು ಪರೀಕ್ಷೆ ಮಾಡುವುದು ಹೇಗೆ?

ಐವತ್ತು ಫೋಟೊ ಆರಿಸಿ. ಸುಮ್ನೆ ಮೇಲಿನ ಐವತ್ತಲ್ಲ, ತಲೆನೋವು ಕೊಡುವಂಥವು: ಎರಡು ರಾ ಫೈಲ್, ಒಂದು ಲೈವ್ ಫೋಟೊ, ಒಂದು ಉದ್ದದ ವಿಡಿಯೋ, ಎಡಿಟ್ ಮಾಡಿದ್ದೊಂದು, ಹತ್ತು ವರ್ಷದ ಹಿಂದಿನ ಕ್ಯಾಮೆರಾದ್ದೊಂದು, ಹೆಸರು ಕನ್ನಡದಲ್ಲಿರುವ ಫೋಲ್ಡರ್ ಒಂದು. ಅಪ್‌ಲೋಡ್ ಮಾಡಿ. ಎರಡು ದಿನ ಬಿಟ್ಟು ಬೇರೆ ಕಂಪ್ಯೂಟರಲ್ಲಿ ಲಾಗಿನ್ ಆಗಿ ಎಲ್ಲವನ್ನೂ ಇಳಿಸಿ.

ಈಗ ನೋಡಿ. ಫೈಲಿನ ಗಾತ್ರ ಬೈಟ್‌ಗೆ ಬೈಟ್ ಒಂದೇ ಇದೆಯಾ? ತೆಗೆದ ತಾರೀಖು ಸರಿಯಿದೆಯಾ? ಲೈವ್ ಫೋಟೊದ ಎರಡು ತುಂಡು, ಅಂದರೆ ಚಿತ್ರ ಮತ್ತು ಪುಟ್ಟ ವಿಡಿಯೋ, ಎರಡೂ ಬಂದವಾ? ಫೋಲ್ಡರ್ ಫೋಲ್ಡರಾಗಿಯೇ ಉಳಿದಿದೆಯಾ, ಅಥವಾ ಎಲ್ಲಾ ಒಂದೇ ರಾಶಿಯಾಗಿದೆಯಾ? ನಾನು ಹೀಗೆ ಪರೀಕ್ಷೆ ಮಾಡಿದ ಒಂದು ಸೇವೆಯಲ್ಲಿ ಐವತ್ತು ಹಾಕಿದರೆ ನಲವತ್ತೆಂಟು ವಾಪಸ್ ಬಂತು. ರಾ ಫೈಲ್ ಎರಡನ್ನೂ ಅದು ಮೊದಲೇ ಬಿಟ್ಟುಬಿಟ್ಟಿತ್ತು, ಒಂದು ಮಾತೂ ಹೇಳದೆ, ಮೇಲೆ ಹಸಿರು ಟಿಕ್ ಬೇರೆ ತೋರಿಸಿತ್ತು. ಅವತ್ತೇ ಅದನ್ನು ಕೈಬಿಟ್ಟೆ.

ತಪ್ಪಿ ಅಳಿಸಿದ್ದು ಎಷ್ಟು ದಿನ ಸಿಗುತ್ತದೆ?

ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದು ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ಐಕ್ಲೌಡ್‌ನಲ್ಲಿ 30 ದಿನ. ಕಂಪ್ಯೂಟರ್ ಬ್ಯಾಕಪ್ ಸೇವೆಗಳಲ್ಲಿ ಇದಕ್ಕಿಂತ ಜಾಸ್ತಿ ಸಿಗುವುದುಂಟು, ಬ್ಯಾಕ್‌ಬ್ಲೇಜ್‌ನಲ್ಲಿ ಒಂದು ವರ್ಷದ ಹಳೆಯ ಪ್ರತಿಗಳನ್ನು ಇಡುವ ಆಯ್ಕೆ ಇದೆ. ಫೋಟೊ ವಿಷಯದಲ್ಲಿ ಉದ್ದವಿದ್ದಷ್ಟೂ ಒಳ್ಳೆಯದು. ಕೆಲಸದ ಫೈಲ್ ಕಳೆದರೆ ಮಾರನೇ ದಿನ ಗೊತ್ತಾಗುತ್ತದೆ, ಮೂರು ವರ್ಷದ ಹಿಂದಿನ ಪ್ರವಾಸದ ಫೋಲ್ಡರ್ ಕಾಣೆಯಾದರೆ ಯಾರಾದರೂ ಕೇಳುವ ತನಕ ಗೊತ್ತೇ ಆಗುವುದಿಲ್ಲ.

ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ಕಳ್ಳ ಸಾಫ್ಟ್‌ವೇರ್) ಫೈಲುಗಳನ್ನು ಹಾಳು ಮಾಡಿದಾಗಲೂ ಕಾಪಾಡುವುದು ಈ ಹಳೆಯ ಪ್ರತಿಗಳೇ. ಬರೀ ಸಿಂಕ್ ಇದ್ದರೆ ಹಾಳಾದದ್ದೇ ಶ್ರದ್ಧೆಯಿಂದ ಮೇಲೆ ಹೋಗಿ ಕೂರುತ್ತದೆ.

ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿರುವ ಫೋಟೊಗಳೂ ಬ್ಯಾಕಪ್ ಆಗುತ್ತವಾ?

ಕೆಲವು ಸೇವೆಗಳಲ್ಲಿ ಆಗುತ್ತವೆ, ಆದರೆ ಆ ಡ್ರೈವನ್ನು ಆಗಾಗ ಕಂಪ್ಯೂಟರಿಗೆ ಜೋಡಿಸುತ್ತಿರಬೇಕು. ಬಹಳ ದಿನ ಕಾಣದಿದ್ದರೆ 'ಇದನ್ನು ಅಳಿಸಿದ್ದಾರೆ' ಅಂತ ತಿಳಿದು ಅವರ ಕಡೆಯ ಪ್ರತಿಯನ್ನೂ ತೆಗೆದುಬಿಡುತ್ತಾರೆ. ಗಡುವು ಎಷ್ಟು ದಿನ ಅಂತ ನಿಮ್ಮ ಪ್ಲಾನ್‌ನಲ್ಲಿ ಓದಿ. ಫೋನಲ್ಲಿ ಒಂದು ರಿಮೈಂಡರ್ ಹಾಕಿಟ್ಟುಕೊಂಡರೆ ಸಾಕು.

ನಮ್ಮ ಫೋಟೊಗಳನ್ನು ಕಂಪನಿಯವರು ನೋಡಬಹುದಾ?

ಬಹುತೇಕ ಎಲ್ಲರೂ 'ಎನ್‌ಕ್ರಿಪ್ಟ್ ಮಾಡುತ್ತೇವೆ' ಅಂತ ಬರೆದಿರುತ್ತಾರೆ. ಕೇಳಬೇಕಾದ ಪ್ರಶ್ನೆ ಬೀಗ ಇದೆಯಾ ಅಂತಲ್ಲ, ಕೀಲಿ ಯಾರ ಹತ್ತಿರ ಇದೆ ಅಂತ. ಗೂಗಲ್ ಫೋಟೋಸ್‌ನಲ್ಲಿ ಕೀಲಿ ಗೂಗಲ್ ಹತ್ತಿರ. ಅದಕ್ಕೇ ಅವರ ಸರ್ವರ್ 'ಸಮುದ್ರ' ಅಂತ ಹುಡುಕಿದರೆ ಸಮುದ್ರದ ಫೋಟೊ ತೋರಿಸಬಲ್ಲದು. ಎಂಟೆ ಥರದ ಸೇವೆಯಲ್ಲಿ ಕೀಲಿ ನಿಮ್ಮ ಹತ್ತಿರ ಮಾತ್ರ, ಮುಖ ಗುರುತಿಸುವ ಕೆಲಸವೂ ನಿಮ್ಮ ಫೋನಲ್ಲೇ ನಡೆಯುತ್ತದೆ. ಐಕ್ಲೌಡ್‌ನಲ್ಲಿ 2022ರ ಡಿಸೆಂಬರ್‌ನಿಂದ ಹೀಗೆ ಕೀಲಿ ನಿಮ್ಮ ಹತ್ತಿರವೇ ಉಳಿಯುವ 'ಅಡ್ವಾನ್ಸ್‌ಡ್ ಡೇಟಾ ಪ್ರೊಟೆಕ್ಷನ್' ಅನ್ನುವ ಆಯ್ಕೆ ಬಂದಿದೆ. ಅದನ್ನು ನೀವೇ ಆನ್ ಮಾಡಬೇಕು.

ಇದರ ಬೆಲೆಯೂ ಗೊತ್ತಿರಲಿ. ಕೀಲಿ ನಿಮ್ಮದಾದರೆ ಕಳೆದುಕೊಳ್ಳುವ ಜವಾಬ್ದಾರಿಯೂ ನಿಮ್ಮದೇ. ಪಾಸ್‌ವರ್ಡ್ ಮರೆತು, ರಿಕವರಿ ಕೀ ಕೂಡ ಇಲ್ಲ ಅಂದರೆ ಕಸ್ಟಮರ್ ಕೇರ್ ಮುಂದೆ ಎಷ್ಟು ಬಾಯಿ ಬಡಿದುಕೊಂಡರೂ ಪ್ರಯೋಜನವಿಲ್ಲ. ಅವರಿಗೂ ತೆರೆಯಲು ಬರುವುದಿಲ್ಲ. ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಮುಖ್ಯ ಪತ್ರಗಳ ಜೊತೆ ಇಡಿ. ಅದರ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋಟೊ ಅಕೌಂಟ್‌ನಲ್ಲಿ ಇಡಬೇಡಿ. ನಗಬೇಡಿ, ಹಾಗೆ ಮಾಡಿದವರನ್ನು ನೋಡಿದ್ದೇನೆ.

ಕಂಪನಿಯೇ ಮುಚ್ಚಿಹೋದರೆ?

ಆಗುತ್ತದೆ. ಕೊಡಾಕ್ ಗ್ಯಾಲರಿ 2012ರಲ್ಲಿ ಮುಚ್ಚಿತು. ಎವರ್‌ಪಿಕ್ಸ್ ಅನ್ನುವ ಮುದ್ದಾದ ಸೇವೆ 2013ರಲ್ಲಿ ಕೈ ಎತ್ತಿತು. ಕ್ರಾಶ್‌ಪ್ಲಾನ್ ಮನೆ ಬಳಕೆದಾರರ ಸೇವೆ ನಿಲ್ಲಿಸುತ್ತೇವೆ ಅಂತ 2017ರಲ್ಲಿ ಹೇಳಿ 2018ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಅಮೆಜಾನ್ ಡ್ರೈವ್ 2023ರ ಡಿಸೆಂಬರ್ 31ಕ್ಕೆ ಕೊನೆಯಾಯಿತು, ಅಮೆಜಾನ್ ಫೋಟೋಸ್ ಮಾತ್ರ ಉಳಿಯಿತು. ಚಿಕ್ಕವರು ದೊಡ್ಡವರು ಅಂತ ಭೇದವಿಲ್ಲ.

ಮುಚ್ಚುವವರು ಹೆಚ್ಚಾಗಿ ಮೊದಲೇ ಮೇಲ್ ಕಳಿಸಿ ಗಡುವು ಕೊಡುತ್ತಾರೆ. ಆ ಮೇಲ್ ನೀವು ನೋಡುವ ವಿಳಾಸಕ್ಕೇ ಬರಬೇಕು, ಅಷ್ಟೇ. ಗಡುವೇ ಇಲ್ಲದೆ ಹೋಗುವುದೂ ಉಂಟು. ಮೈಸ್ಪೇಸ್ ಸರ್ವರ್ ಬದಲಾಯಿಸುವಾಗ ಬಳಕೆದಾರರ ಹಳೆಯ ಫೋಟೊ, ವಿಡಿಯೋ, ಹಾಡು ಎಲ್ಲ ಕಳೆದುಕೊಂಡದ್ದು 2019ರಲ್ಲಿ ಹೊರಬಂತು. 2020ರಲ್ಲಿ ಕ್ಯಾನನ್ ಕಂಪನಿಯ ಕ್ಲೌಡ್ ಸೇವೆಯಲ್ಲೂ ಕೆಲವರ ಮೂಲ ಫೋಟೊಗಳು ಕಳೆದುಹೋದವು. ಕ್ಯಾಮೆರಾ ಮಾಡುವವರೇ ಸ್ವಾಮಿ!

ಅಕೌಂಟ್ ಲಾಕ್ ಆದರೆ ಏನು ಗತಿ?

ಕಂಪನಿ ಮುಚ್ಚುವುದಕ್ಕಿಂತ ನನಗೆ ಇದೇ ಜಾಸ್ತಿ ಭಯ. ಪಾಸ್‌ವರ್ಡ್ ಕಳ್ಳತನವಾಗಬಹುದು, ಕಾರ್ಡ್ ಅವಧಿ ಮುಗಿದು ಚಂದಾ ನಿಲ್ಲಬಹುದು, ಯಾವುದೋ ಫೋಟೊ ನೋಡಿ ಕಂಪ್ಯೂಟರೇ ತಪ್ಪು ತಿಳಿದು ಅಕೌಂಟ್ ನಿಲ್ಲಿಸಬಹುದು. ಎರಡು ಹಂತದ ಲಾಗಿನ್ ಹಾಕಿ, ಬ್ಯಾಕಪ್ ಕೋಡ್ ಪ್ರಿಂಟ್ ತೆಗೆದಿಡಿ, ರಿಕವರಿಗೆ ಕೊಟ್ಟ ಫೋನ್ ನಂಬರ್ ಇನ್ನೂ ನಿಮ್ಮದೇನಾ ನೋಡಿ. ಮನೆಯ ಹಾರ್ಡ್ ಡಿಸ್ಕ್ ಪ್ರತಿ ಬೇಕು ಅಂದೆನಲ್ಲ, ಅದರ ಅಸಲಿ ಉಪಯೋಗ ಇಲ್ಲಿದೆ. ಡಿಸ್ಕ್ ಲಾಗಿನ್ ಕೇಳುವುದಿಲ್ಲ.

'99.999999999% ಸುರಕ್ಷಿತ' ಅಂತ ಬರೆದಿರುತ್ತಾರಲ್ಲ?

ಹನ್ನೊಂದು ಒಂಬತ್ತು. ಇದು ಅಮೆಜಾನ್ ಎಸ್3 ಥರದ ಸೇವೆಗಳು ಹೇಳುವ ಲೆಕ್ಕ: ಒಂದು ಕೋಟಿ ಫೈಲ್ ಇಟ್ಟರೆ ಸರಾಸರಿ ಹತ್ತು ಸಾವಿರ ವರ್ಷಕ್ಕೆ ಒಂದು ಕಳೆಯಬಹುದು ಅಂತ. ಅವರ ಡಿಸ್ಕ್ ಕೆಟ್ಟು ಫೈಲ್ ಹೋಗುವುದರ ಲೆಕ್ಕ ಅದು. ನೀವೇ ಅಳಿಸಿದರೆ, ಚಂದಾ ಕಟ್ಟದಿದ್ದರೆ, ಅಕೌಂಟ್ ಲಾಕ್ ಆದರೆ ಆ ಒಂಬತ್ತುಗಳಲ್ಲಿ ಒಂದೂ ನಿಮ್ಮ ಸಹಾಯಕ್ಕೆ ಬರುವುದಿಲ್ಲ. ಈ ಸಂಖ್ಯೆ ನೋಡಿ ಸೇವೆ ಆರಿಸಬೇಡಿ.

ಗ್ಲೇಸಿಯರ್ ಭಾರಿ ಅಗ್ಗ ಅಂತಾರೆ, ಅಲ್ಲೇ ಇಡಲಾ?

ಗ್ಲೇಸಿಯರ್ ಅಂದರೆ ಅಪರೂಪಕ್ಕೆ ಮುಟ್ಟುವ ಫೈಲ್ ಇಡಲು ಅಮೆಜಾನ್ ಕೊಡುವ ಜಾಗ. ಇಡಲು ಅಗ್ಗ, ನಿಜ. ಗ್ಲೇಸಿಯರ್ ಡೀಪ್ ಆರ್ಕೈವ್‌ನಿಂದ ವಾಪಸ್ ಬೇಕೆಂದರೆ ಮೊದಲು ಅರ್ಜಿ ಹಾಕಿ 12 ಗಂಟೆಯವರೆಗೆ ಕಾಯಬೇಕು, ಇನ್ನೂ ಅಗ್ಗದ ದಾರಿಯಲ್ಲಿ 48 ಗಂಟೆಯವರೆಗೆ. ಕನಿಷ್ಠ 180 ದಿನದ ಬಾಡಿಗೆ ಕೊಡಲೇಬೇಕು, ಇಳಿಸಿಕೊಳ್ಳುವುದಕ್ಕೆ ಬೇರೆ ಶುಲ್ಕ. ಎಲ್ಲಾ ಹೋದಾಗ ಮಾತ್ರ ಮುಟ್ಟುವ ಮೂರನೇ ಪ್ರತಿಗೆ ಚೆನ್ನ. ಇರುವ ಒಂದೇ ಪ್ರತಿಗೆ ಬೇಡ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊಗಳನ್ನೂ ಬ್ಯಾಕಪ್ ಮಾಡಬೇಕಾ?

ಗುಡ್ ಮಾರ್ನಿಂಗ್ ಹೂವುಗಳಿಗೆ ದುಡ್ಡು ಕಟ್ಟುವ ಆಸೆ ಇದ್ದರೆ ಮಾಡಿ. ಆ ಫೋಲ್ಡರನ್ನು ಆಫ್ ಮಾಡಿ, ಬೇಕಾದ ಕೆಲವನ್ನು ಮಾತ್ರ ಬೇರೆ ಕಡೆ ಎತ್ತಿಡುವುದು ಜಾಣತನ. ಮಾಮೂಲಿಯಾಗಿ ಕಳಿಸಿದ ಫೋಟೊ ಅಲ್ಲಿ ಕುಗ್ಗಿರುತ್ತದೆ, ತೆಗೆದ ತಾರೀಖು, ಜಾಗದ ವಿವರವೂ ಹೋಗಿರುತ್ತದೆ. ಮುಖ್ಯವಾದದ್ದಾದರೆ ಕಳಿಸಿದವರ ಹತ್ತಿರ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿ.

ಮೊದಲು ಎಲ್ಲಾ ಜೋಡಿಸಿ, ಬೇಡದ್ದು ತೆಗೆದು, ಆಮೇಲೆ ಬ್ಯಾಕಪ್ ಮಾಡೋಣ ಅಂತ ಇದ್ದೇನೆ.

ಬೇಡ. ಆ 'ಆಮೇಲೆ' ಬರುವುದಿಲ್ಲ. ಗಲೀಜಾಗಿದ್ದರೂ ಹಾಗೇ ಮೇಲೆ ಹಾಕಿ. ಜೋಡಿಸುವಾಗಲೇ ತಪ್ಪಿ ಅಳಿಸುವುದು ಜಾಸ್ತಿ, ಅಲ್ವಾ?

ನನ್ನ ನಂತರ ಮನೆಯವರಿಗೆ ಈ ಫೋಟೊ ಸಿಗುವುದು ಹೇಗೆ?

ಐಫೋನಲ್ಲಿ 'ಲೆಗಸಿ ಕಾಂಟ್ಯಾಕ್ಟ್' ಅಂತ ಇದೆ, 2021ರ ಕೊನೆಗೆ ಬಂದದ್ದು. ಗೂಗಲ್‌ನಲ್ಲಿ 'ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್'. ಎರಡರಲ್ಲೂ ಒಬ್ಬರ ಹೆಸರು ಕೊಡಲು ಹತ್ತು ನಿಮಿಷ ಸಾಕು. ಯಾರ ಹೆಸರು ಕೊಟ್ಟಿರಿ ಅಂತ ಅವರಿಗೂ ಹೇಳಿಡಿ.

ಸರಿ, ಕೊನೆಗೆ ಯಾವುದು ತಗೊಳ್ಳಲಿ?

ಫೋನ್ ಮಾತ್ರ ಇದ್ದು, ತಲೆನೋವು ಬೇಡ ಅನ್ನುವವರು ಫೋನಿನ ಜೊತೆ ಬರುವ ಸೇವೆಗೇ ದುಡ್ಡು ಕಟ್ಟಿ, ಒರಿಜಿನಲ್ ಕ್ವಾಲಿಟಿ ಇಟ್ಟು, ಮೂರು ತಿಂಗಳಿಗೊಮ್ಮೆ ಒಂದು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ. ಕಂಪ್ಯೂಟರಲ್ಲಿ ಫೋಲ್ಡರ್‌ಗಟ್ಟಲೆ ಇರುವವರಿಗೆ ಕಂಪ್ಯೂಟರ್ ಬ್ಯಾಕಪ್ ಸೇವೆಯೇ ಸರಿ. ಖಾಸಗಿತನ ಮುಖ್ಯ ಅನ್ನುವವರು ಕೀಲಿ ತಮ್ಮ ಹತ್ತಿರವೇ ಇರುವ ಸೇವೆ ನೋಡಿ. ಎರಡು ಸೇವೆ ಸರಿಸಮ ಅನ್ನಿಸಿದರೆ ಐವತ್ತು ಫೋಟೊ ಪರೀಕ್ಷೆಯಲ್ಲಿ ಕಡಿಮೆ ಕಾಡಿದ್ದನ್ನು ತಗೊಳ್ಳಿ. ಮೊದಲೇ ಇಡೀ ವರ್ಷದ್ದು ಕಟ್ಟಬೇಡಿ, ಒಂದು ತಿಂಗಳು ನೋಡಿ.

ಬ್ಯಾಕಪ್ ನಿಜವಾಗಿ ನಡೆಯುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಆ್ಯಂಡ್ರಾಯ್ಡ್ ಫೋನ್‌ಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿಂದೆ ಓಡುವ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಫೋಟೊ ಆ್ಯಪನ್ನು ಆ ಪಟ್ಟಿಯಿಂದ ಹೊರಗಿಡಿ. ಆಮೇಲೆ ತಿಂಗಳಿಗೊಮ್ಮೆ ಫೋನ್ ಬಿಟ್ಟು ಬೇರೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಲಾಗಿನ್ ಆಗಿ, ನಿನ್ನೆ ತೆಗೆದ ಫೋಟೊ ಅಲ್ಲಿದೆಯಾ ನೋಡಿ. ಇಲ್ಲದಿದ್ದರೆ ಮೇಲಕ್ಕೆ ಸ್ಕ್ರೋಲ್ ಮಾಡಿ ಕೊನೆಯದಾಗಿ ಬಂದಿರುವುದು ಯಾವ ತಾರೀಖಿನದು ಅಂತ ಹುಡುಕಿ. ಬ್ಯಾಕಪ್ ನಿಂತದ್ದು ಅವತ್ತು.